ಬಿಲ್‌ನಲ್ಲಿ ಆರು ಕ್ಯಾಪ್, ಮಗನ ಬಾಯಲ್ಲಿ ಎರಡೇ

ವಿಶೇಷ ಮಕ್ಕಳ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನ ಒಂದು ಖಾಸಗಿ ಡೆಂಟಲ್ ಕ್ಲಿನಿಕ್ ನಮಗೆ ಚೆನ್ನಾಗಿ ಟೋಪಿ ಹಾಕಿದೆ. ದುಡ್ಡು ಹೋಯ್ತು ಅನ್ನೋದಕ್ಕಿಂತ ಆಮೇಲೆ ಅವರು ಕೊಟ್ಟ ಉತ್ತರಗಳಿಗೆ ಮೈ ಉರಿಯುತ್ತಿದೆ.

ಮಗನಿಗೆ ಏಳು ವರ್ಷ. ಬುದ್ಧಿ ಬೆಳವಣಿಗೆ ಕಮ್ಮಿ, ಮಾತು ಬಂದಿಲ್ಲ, ಫಿಟ್ಸ್‌ಗೆ ಸಿರಪ್ ನಡೆಯುತ್ತಿದೆ. ಹಲ್ಲು ನೋಯ್ತಿದೆ ಅಂತ ಹೇಳಲಾರ. ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ದೋಸೆ, ಚಪಾತಿ ಕಂಡರೆ ತಟ್ಟೆ ತಳ್ಳುತ್ತಿದ್ದ, ಮುದ್ದೆ ಮಾತ್ರ ನುಂಗುತ್ತಿದ್ದ. ಅಗಿಯೋ ಕೆಲಸ ಇಲ್ಲವಲ್ಲ, ಅದಕ್ಕೆ. ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸುವುದು ಆಗದ ಮಾತು. ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಎಲ್ಲ ಹಲ್ಲೂ ಮುಗಿಸುತ್ತೇವೆ ಅಂದರು. ಅದರಲ್ಲಿ ತಪ್ಪಿಲ್ಲ, ಇಂಥ ಮಕ್ಕಳಿಗೆ ಎಷ್ಟೋ ಕಡೆ ಹಾಗೇ ಮಾಡುತ್ತಾರೆ. ಪ್ಯಾಕೇಜ್ 68,000 ರೂಪಾಯಿ. ಹಿಂದಿನ ರಾತ್ರಿಯಿಂದ ಉಪವಾಸ, ರಕ್ತ ಪರೀಕ್ಷೆ, ಸಹಿ, ಎಲ್ಲ ಆಯ್ತು. ನಾವು ಬಾಗಿಲ ಹೊರಗೆ.

ಹೊರಗೆ ಬಂದವನ ತುಟಿ ಊದಿತ್ತು. ಬಾಯಿ ಹತ್ತಿರ ಕೈ ತಂದರೆ ಕಚ್ಚಲು ಬರುತ್ತಿದ್ದ. ಬಿಲ್‌ನಲ್ಲಿ 'ಸ್ಟೀಲ್ ಕ್ಯಾಪ್ - 6' ಅಂತ ಇತ್ತು, ಅಂದರೆ ಹುಳುಕು ಹಲ್ಲಿನ ಮೇಲೆ ಕೂರಿಸುವ ಸ್ಟೀಲ್ ಕವಚ ಆರು. ಅಷ್ಟೇ. ಯಾವ ಹಲ್ಲಿಗೆ ಅಂತ ಇಲ್ಲ.

ಕೆಲವು ತಿಂಗಳಲ್ಲಿ ಮತ್ತೆ ಕೆನ್ನೆಗೆ ಹೊಡೆದುಕೊಳ್ಳಲು ಶುರು. ಕ್ಲಿನಿಕ್‌ನವರು "ಸೆಟ್ ಆಗೋಕೆ ಟೈಮ್ ಬೇಕು ಮೇಡಂ" ಅಂದರು. ಈ ಸಲ ಅವನನ್ನು ಸರ್ಕಾರಿ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದೆವು. ಅಲ್ಲಿನ ಮಕ್ಕಳ ಹಲ್ಲಿನ ಡಾಕ್ಟರು ನನ್ನ ಮಂಡಿಗೆ ಮಂಡಿ ತಾಗಿಸಿ ಕೂತರು. ಮಗನ ತಲೆ ಅವರ ತೊಡೆ ಮೇಲೆ, ಕಾಲು ನನ್ನ ಸೊಂಟದ ಎರಡೂ ಕಡೆ. ಟಾರ್ಚ್ ಹಾಕಿ ಎಣಿಸಿದರು. ನನ್ನ ಮುಖ ನೋಡಿದರು. ಮತ್ತೆ ಎಣಿಸಿದರು. "ಆರು ಅಂದ್ರಲ್ಲಮ್ಮ, ಇಲ್ಲಿ ಎರಡೇ ಇದೆ" ಅಂದರು. ಬಿಲ್ ಹಿಡಿದುಕೊಂಡು ವಿದ್ಯಾರ್ಥಿಗಳ ಮುಂದೆ ಕೂತಿದ್ದ ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತು. ಎರಡು! ಆರಕ್ಕೆ ದುಡ್ಡು ಕೊಟ್ಟಿದ್ದೇನೆ, ಎರಡು!

ಕ್ಲಿನಿಕ್‌ಗೆ ಫೋನ್ ಮಾಡಿದರೆ ಮೊದಲು "ಡಾಕ್ಟರ್ ಬಿಜಿ". ವಾಟ್ಸಾಪ್‌ನಲ್ಲಿ ಕೇಳಿದೆ. "ಬಿದ್ದು ಹೋಗಿರಬಹುದು." ನಾಲ್ಕೂನಾ? ಅದಕ್ಕೆ ಬಂದ ಉತ್ತರ ಇದು: "ನುಂಗಿರಬೇಕು ಮೇಡಂ. ಇಂಥ ಮಕ್ಕಳು ನುಂಗಿಬಿಡ್ತಾರೆ, ಗೊತ್ತೇ ಆಗಲ್ಲ."

ಇಂಥ ಮಕ್ಕಳು. ಬಾಯಿಲ್ಲದ ಮಗು, ಯಾರಿಗೆ ಹೇಳುತ್ತೆ ಅನ್ನೋ ಧೈರ್ಯ ಅಲ್ವಾ ಇದು?

ಕಾಲೇಜಿನ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಸುಮ್ನೆ ಕನ್ನಡಿ ಹಿಡಿದು ನನಗೇ ತೋರಿಸಿದರು. ಕ್ಯಾಪ್ ಕೂರಿಸಲು ಸಾಮಾನ್ಯವಾಗಿ ಹಲ್ಲಿನ ಮೇಲ್ಭಾಗವನ್ನೂ ಪಕ್ಕಗಳನ್ನೂ ಸ್ವಲ್ಪ ಉಜ್ಜಿ ಸಣ್ಣ ಮಾಡುತ್ತಾರಂತೆ. ಈ ನಾಲ್ಕು ಹಲ್ಲಿನಲ್ಲಿ ಉಜ್ಜಿದ ಗುರುತೇ ಇಲ್ಲ. ಮೇಲೆ ಒಂದಿಷ್ಟು ಬಿಳಿ ಸಿಮೆಂಟ್ ಮೆತ್ತಿದ್ದಾರೆ, ಅಂಚಿನಲ್ಲಿ ಹುಳುಕು ಕಪ್ಪಗೆ ಕಾಣುತ್ತಿದೆ. ಹಾಕಿದ್ದರೆ ತಾನೇ ನುಂಗೋದು!

ಇದನ್ನೂ ಬರೆದು ಕಳಿಸಿದೆ. ಆಗ ಮಾತು ತಿರುಗಿತು. "ನೀವು ಸರಿಯಾಗಿ ಬ್ರಶ್ ಮಾಡ್ಸಲ್ಲ. ಸಿರಪ್‌ನಲ್ಲಿ ಸಕ್ಕರೆ ಇರುತ್ತೆ, ಅದಕ್ಕೇ ಹಾಳಾಗಿದೆ." ಸಿರಪ್ ಸಿಹಿ ಹೌದು. ನಿದ್ದೆಯಲ್ಲಿ ಜೊಲ್ಲು ಕಮ್ಮಿ, ಮಲಗುವಾಗ ಕುಡಿಸಿದ್ದು ಹಲ್ಲಿಗೆ ಅಂಟಿಕೊಂಡೇ ಇರುತ್ತೆ. ಅದನ್ನು ಪ್ಯಾಕೇಜ್ ಮಾರುವ ದಿನ ಹೇಳಬಹುದಿತ್ತಲ್ಲ? ಕುಡಿಸಿದ ಮೇಲೆ ನೀರು ಕುಡಿಸಿ, ಒದ್ದೆ ಬಟ್ಟೆಯಲ್ಲಿ ಹಲ್ಲು ಒರೆಸಿ ಅಂತ ನಮಗೆ ಹೇಳಿದ್ದು ಕಾಲೇಜಿನವರು. ಎಕ್ಸ್‌ರೇ ಕೊಡಿ ಅಂದರೆ "ಸಿಸ್ಟಮ್ ಫಾರ್ಮ್ಯಾಟ್ ಆಗಿದೆ". ಕೊನೆಗೆ, ನಾನು ಹಾಕಿದ್ದ ರಿವ್ಯೂ ನೋಡಿ, "ಫ್ರೀಯಾಗಿ ಇನ್ನೊಂದ್ಸಲ ಮಾಡಿ ಕೊಡ್ತೀವಿ, ರಿವ್ಯೂ ತೆಗೀರಿ". ಇನ್ನೊಂದ್ಸಲ ಅಂದರೆ ಇನ್ನೊಂದು ಸಲ ಅರಿವಳಿಕೆ! ಫಿಟ್ಸ್ ಇರೋ ಮಗುವಿಗೆ! ಅದೇನು ಬಿಟ್ಟಿ ಬಿಸ್ಕತ್ತಾ?

ಮಲಗಿಸಿ ಹಲ್ಲು ಮಾಡಿಸುವವರು ಬಿಲ್‌ನಲ್ಲಿ ಹಲ್ಲಿನ ನಂಬರ್ ಬರೆಸಿಕೊಳ್ಳಿ. ಪ್ರತಿ ಹಲ್ಲಿಗೂ ನಂಬರ್ ಇದೆ. ಬಲಗಡೆ ಮೇಲಿನ ಕೊನೆಯ ಹಾಲುಹಲ್ಲು 55, ಎಡಗಡೆಯದು 65. ನಿದ್ದೆಯಲ್ಲಿರುವಾಗಲೇ ಮುಂಚೆ ಒಂದು, ಮುಗಿದ ಮೇಲೆ ಒಂದು ಬಾಯಿಯ ಫೋಟೋ ಕೇಳಿ. ಎಚ್ಚರ ಆದಮೇಲೆ ನಮ್ಮ ಮಕ್ಕಳು ಬಾಯಿ ತೆರೆಯಲ್ಲ, ನಮಗೂ ಗೊತ್ತು, ಕ್ಲಿನಿಕ್‌ನವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಫೋಟೋ ಕೊಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. "ವಿಶೇಷ ಮಕ್ಕಳ ಸ್ಪೆಷಲಿಸ್ಟ್" ಅಂತ ಬೋರ್ಡ್ ಇದ್ದರೆ ಮಕ್ಕಳ ಹಲ್ಲಿನಲ್ಲಿ ಎಂಡಿಎಸ್ (ಹಲ್ಲಿನ ಡಾಕ್ಟರುಗಳ ಸ್ನಾತಕೋತ್ತರ ಪದವಿ) ಮಾಡಿದವರು ಯಾರು, ಆ ದಿನ ಒಳಗೆ ಇರೋದು ಅವರೇನಾ ಅಂತ ಕೇಳಿ.

ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ಹೇಗೆ ಅಂತ ಗೊತ್ತಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೇಸ್ ನಡೀತಾ ಇರುವುದರಿಂದ ಕ್ಲಿನಿಕ್ ಹೆಸರು ಹಾಕುತ್ತಿಲ್ಲ, ಕಾಮೆಂಟ್‌ನಲ್ಲಿ ಊಹೆ ಮಾಡಬೇಡಿ. ನಿಮಗೂ ಹೀಗೆ ನಂಬರ್ ಇಲ್ಲದ ಬಿಲ್ ಕೊಟ್ಟಿದ್ದರೆ ಅದನ್ನು ಎಸೀಬೇಡಿ, ಬೇರೆ ಡಾಕ್ಟರ ಹತ್ತಿರ ಒಂದು ಸಲ ಬಾಯಲ್ಲಿರುವ ಕ್ಯಾಪ್ ಎಣಿಸಿ ನೋಡಿಸಿ.