ಬೋಲ್ಟ್ ಬಿಚ್ಚೋದಾ, ಪಂಪಲ್ಲಿ ಎಳೆಯೋದಾ? ಇಂಜಿನ್ ಆಯಿಲ್ ಬದಲಾವಣೆ ಮೂರು ಥರ

ಗುಬ್ಬಿ ಕಡೆ ನಮ್ಮದೊಂದು ಸಣ್ಣ ಹಿಟ್ಟಿನ ಮಿಲ್ ಇದೆ. ರಾಗಿ, ಅಕ್ಕಿ, ಮೆಣಸಿನಕಾಯಿ ಎಲ್ಲಾ ಬೀಸುತ್ತೇವೆ. ಕರೆಂಟ್ ಹೋದಾಗ ಓಡಿಸೋಕೆ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್ ಇಟ್ಟಿದ್ದೇವೆ. ಅದನ್ನು ಕೂರಿಸುವಾಗ ನಾನು ಮಾಡಿದ ದಡ್ಡತನ ಒಂದೇ, ಹಳೇ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಯಾವ ಕಡೆ ಬರುತ್ತೆ ಅಂತ ನೋಡಲಿಲ್ಲ. ಬೋಲ್ಟ್ ಈಗ ಗೋಡೆಗೆ ಮುಖ ಮಾಡಿದೆ, ಮಧ್ಯೆ ಒಂದು ಗೇಣು ಜಾಗ.

ನಮ್ಮ ಇಂಜಿನ್ನಿಗೆ 250 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಅಷ್ಟು ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು, ಯಾಕೆಂದರೆ ನಿಂತ ಇಂಜಿನ್ನಿನ ಆಯಿಲ್‌ನಲ್ಲಿ ತೇವ ಮತ್ತು ಆಮ್ಲ ಸೇರಿಕೊಂಡು ಬೇರಿಂಗ್ ತಿನ್ನುತ್ತವೆ. ಕಳೆದ ಮೂರು ಸಲವೂ ಬೇರೆ ಬೇರೆ ಥರ ಬದಲಿಸಿ ನೋಡಿದೆ. ಮೂರು ಸಲವೂ ಮೊದಲು ಡಿಪ್‌ಸ್ಟಿಕ್ಕಿನ, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿಯ, ಮೇಲಿನ ಗೆರೆಗೆ ಬರುವಷ್ಟು ಆಯಿಲ್ ತುಂಬಿಸಿ, ಆಚೆ ಬಂದದ್ದನ್ನು ಅಳೆದೆ.

ಮೊದಲನೆಯದು ಹಳೇ ದಾರಿ, ಬೋಲ್ಟ್. ಇಂಜಿನ್ ಹತ್ತು ನಿಮಿಷ ಓಡಿಸಿ, ಸ್ವಲ್ಪ ಆರಲು ಬಿಟ್ಟು, ಗೋಡೆ ಸಂದಿಯಲ್ಲಿ ಕೈ ತೂರಿಸಿದೆ. ಸ್ಪ್ಯಾನರ್ ಒಂದು ಸಲಕ್ಕೆ ಅರ್ಧ ಇಂಚು ತಿರುಗುತ್ತೆ, ಅಷ್ಟೇ. ಕೊನೆಗೆ ಬೋಲ್ಟ್ ಕಿತ್ತು ಬಂದಾಗ ಬಿಸಿ ಆಯಿಲ್ ಮಣಿಕಟ್ಟಿನ ಮೇಲೆ ಇಳಿದು, ಬೋಲ್ಟ್ ಬಾಂಡ್ಲಿಯೊಳಗೆ ಬಿತ್ತು. ಬಾಂಡ್ಲಿ ಸರಿಯಾಗಿ ಕೂರಲು ಜಾಗ ಇಲ್ಲ, ಹಾಗಾಗಿ ಅಂಚಲ್ಲಿ ಸುರಿದದ್ದೂ ಇದೆ. ಎರಡು ದಿನ ಬನಿಯನ್ ವೇಸ್ಟ್ ಹಾಕಿ ಒರೆಸಿದರೂ ವಾಸನೆ ಹೋಗಲಿಲ್ಲ. ರಾಗಿ ಬೀಸಿಸಲು ಬಂದ ಅಜ್ಜಿ ಹಿಟ್ಟನ್ನು ಮೂಗಿನ ಹತ್ತಿರ ಹಿಡಿದು, "ಏನಪ್ಪಾ, ಮುದ್ದೆ ಡೀಸೆಲ್ ವಾಸನೆ ಬರಲ್ಲ ತಾನೆ?" ಅಂದರು. ಹಿಟ್ಟಿಗೆ ವಾಸನೆ ಹತ್ತಿರಲಿಲ್ಲ, ಆದರೂ ನನಗೇ ನಾಚಿಕೆ ಆಯಿತು.

ಆದರೆ ಬೋಲ್ಟ್ ಬಿಚ್ಚಿದಾಗ, ಸುರಿದದ್ದೂ ಸೇರಿ, 6 ಲೀಟರ್ ಪೂರ್ತಿ ಬಂತು. ಕೊನೆಗೆ ಬಂದದ್ದು ಮಡ್ಡಿಯಂಥ ದಪ್ಪ ಕಸ. ಅದನ್ನು ಬೆರಳಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು, ಮಿನುಗುವ ಲೋಹದ ಪುಡಿ ಇದೆಯಾ ಅಂತ ನೋಡಬಹುದು. ಇದೊಂದು ಅನುಕೂಲ ಬೇರೆ ಎರಡಕ್ಕೂ ಇಲ್ಲ. ಹಾಕುವಾಗ ಮಾತ್ರ ಹುಷಾರು. ತಾಮ್ರದ ವಾಷರ್ ಹೊಸದು ಹಾಕಿ, ಬೋಲ್ಟನ್ನು ಮೊದಲು ಬರಿ ಕೈಯಲ್ಲೇ ತಿರುಗಿಸಿ. ಹಿಂದೊಮ್ಮೆ ಮೆಕ್ಯಾನಿಕ್ ಒಬ್ಬ ಉದ್ದ ರಾಡ್ ಹಾಕಿ ಬಿಗಿದು ಬೋಲ್ಟಿನ ಮರೆ (ಥ್ರೆಡ್) ಹಾಳುಮಾಡಿ ಹೋಗಿದ್ದ, ಆಮೇಲೆ ಮೂರು ತಿಂಗಳು ಹನಿ ಹನಿ ಸೋರಿದ್ದನ್ನು ನಾನೇ ಅನುಭವಿಸಿದೆ.

ಎರಡನೆಯ ದಾರಿ ತೋರಿಸಿದ್ದು ನನ್ನ ಷಡ್ಡಕ. ಅವನು ಮಲ್ಪೆಯಲ್ಲಿ ಮೀನು ಹಿಡಿಯುವ ಬೋಟುಗಳ ಇಂಜಿನ್ ಕೆಲಸ ಮಾಡುತ್ತಾನೆ. ಬೋಟಿನಲ್ಲಿ ಇಂಜಿನ್ ಹೊಟ್ಟೆಯೊಳಗೆ ಕೂತಿರುತ್ತದಲ್ವಾ, ಸಂಪಿನ, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಯ, ಕೆಳಗೆ ಬಾಂಡ್ಲಿ ಇರಲಿ, ಕೈಯೂ ಹೋಗುವುದಿಲ್ಲ. ಬೋಲ್ಟ್ ಬಿಚ್ಚಿದರೆ ಆಯಿಲ್ ಬೋಟಿನ ತಳದ ನೀರಿಗೆ ಸೇರುತ್ತೆ, ಆ ನೀರನ್ನು ಪಂಪ್ ಮಾಡಿದಾಗ ಸಮುದ್ರಕ್ಕೆ ಹೋಗುತ್ತೆ. ಅದಕ್ಕೇ ಡಿಪ್‌ಸ್ಟಿಕ್ ತೂತಿನಿಂದ ಮೇಲಕ್ಕೆ ಎಳೆಯುತ್ತಾರಂತೆ. "ಅಣ್ಣ, ನಿಮ್ಮ ಮಿಲ್ಲೂ ಒಂದು ಬೋಟೇ ಬಿಡಿ" ಅಂದ.

ಹಾಗಾಗಿ ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್ ತಂದೆ, 3,200 ರೂಪಾಯಿ ಬಿತ್ತು. ಪ್ಲಾಸ್ಟಿಕ್ ಡಬ್ಬಿ, ತಲೆ ಮೇಲೆ ಹಿಡಿಕೆ, ಒಂದು ಸಣ್ಣ ಕೊಳವೆ. ಹದಿನೈದು ಇಪ್ಪತ್ತು ಸಲ ಒತ್ತಿದರೆ ಡಬ್ಬಿಯೊಳಗಿನ ಗಾಳಿ ಖಾಲಿಯಾಗಿ ಆಯಿಲನ್ನು ತಾನೇ ಎಳೆದುಕೊಳ್ಳುತ್ತದೆ. ನಾವು ಅಲ್ಲೇ ಕೂತು ಟೀ ಕುಡಿಯಬಹುದು. ಮೊದಲ ಸಲ ಎರಡು ಲೀಟರ್ ಬಂದು ನಿಂತುಹೋಯಿತು. ನೋಡಿದರೆ ಕೊಳವೆ ಬಾಯಿ ಸಂಪಿನ ತಳಕ್ಕೆ ಅಂಟಿಕೊಂಡು ಮುಚ್ಚಿಹೋಗಿತ್ತು. ತುದಿಯನ್ನು ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿದೆ, ಡಿಪ್‌ಸ್ಟಿಕ್ ಪಕ್ಕ ಹಿಡಿದು ಅಳತೆಗೆ ಟೇಪ್ ಸುತ್ತಿದೆ. ಆಮೇಲೆ ಸಲೀಸಾಗಿ ಬಂತು. ಬುಡುಬುಡು ಅಂತ ಗಾಳಿ ಎಳೆಯುವ ಸದ್ದು ಬಂದರೆ ಮುಗಿಯಿತು ಅಂದುಕೊಳ್ಳಬೇಡಿ. ಕೊಳವೆಯನ್ನು ಸ್ವಲ್ಪ ಎತ್ತಿ ತಿರುಗಿಸಿ ಮತ್ತೆ ಇಳಿಸಿದರೆ ಇನ್ನೂ ಒಂದು ಲೋಟ ಬರುತ್ತೆ. ಒಟ್ಟು 5.7 ಲೀಟರ್ ಸಿಕ್ಕಿತು, ನೆಲಕ್ಕೆ ಒಂದು ಹನಿ ಬೀಳಲಿಲ್ಲ. ಇಂಜಿನ್ ತೀರಾ ಕುದಿ ಬಿಸಿ ಇದ್ದಾಗ ಮಾತ್ರ ಹಾಕಬೇಡಿ, ಕೊಳವೆ ಮೆತ್ತಗಾಗಿ ಒಳಗೆ ಮಡಚಿಕೊಳ್ಳುತ್ತದೆ.

ಮೂರನೆಯದು 12 ವೋಲ್ಟಿನ ಕರೆಂಟ್ ಪಂಪ್, 850 ರೂಪಾಯಿ. ಎರಡು ಕ್ಲಿಪ್ ಬ್ಯಾಟರಿಗೆ ಸಿಕ್ಕಿಸಿ ಸ್ವಿಚ್ ಹಾಕುವುದು. ಸುಲಭ ಅನ್ನಿಸಿತು, ಅದಕ್ಕೇ ಇಂಜಿನ್ ಬಿಸಿ ಮಾಡದೆ ಜನವರಿ ಬೆಳಗ್ಗೆ ಸುಮ್ನೆ ಹಾಕಿಬಿಟ್ಟೆ. ಆಯಿಲ್ ಜೇನುತುಪ್ಪದ ಹಾಗೆ ಗಟ್ಟಿಯಾಗಿತ್ತು. ಪಂಪ್ ನರಳಿತು, ಕಾದು ಬಂತು, ಕೊಳವೆಯಲ್ಲಿ ಆಯಿಲ್ ಅರ್ಧ ಅಡಿ ಏರಿ ನಿಂತಿತು. ತಪ್ಪು ನನ್ನದೇ. ಹತ್ತು ನಿಮಿಷ ಇಂಜಿನ್ ಓಡಿಸಿ ಮತ್ತೆ ಹಾಕಿದೆ, ಆಗ ಕೈ ಪಂಪಿಗಿಂತ ಬೇಗ ಎಳೆಯಿತು. ಆದರೆ ಗಾಳಿ ಸೇರಿದ ಕೂಡಲೇ ಎಳೆತ ಬಿಟ್ಟುಹೋಗುತ್ತೆ, ಒಣಗಿ ಓಡಿದರೆ ಪಂಪೇ ಹಾಳಾಗುತ್ತೆ, ಹಾಗಾಗಿ ಸ್ವಿಚ್ ಮೇಲೆ ಕೈ ಇಟ್ಟುಕೊಂಡೇ ಕೂರಬೇಕು. ಸಿಕ್ಕಿದ್ದು 5.3 ಲೀಟರ್. ಇನ್ನೊಂದು ಮಾತು, ಕಿಡಿ ಹಾರುವ ಭಯ ಇರುವುದರಿಂದ ಇಂಥ ಪಂಪನ್ನು ಪೆಟ್ರೋಲಿಗೆ ಹಾಕಲೇಬಾರದು.

ಫಿಲ್ಟರ್ ಕೆಲಸ ಮೂರಕ್ಕೂ ಒಂದೇ. ನಮ್ಮದು ಅಡ್ಡ ಕೂತಿರುವುದರಿಂದ ಬಿಚ್ಚುವ ಮೊದಲು ಪ್ಲಾಸ್ಟಿಕ್ ಕವರ್ ತೊಡಿಸುತ್ತೇನೆ. ಹೊಸದರ ರಬ್ಬರಿಗೆ ಆಯಿಲ್ ಸವರಿ, ಕೈಯಲ್ಲಿ ಮುಟ್ಟುವವರೆಗೆ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು. ಹಾಕುವ ಆಯಿಲಿನ ದರ್ಜೆ 15ಡಬ್ಲ್ಯೂ-40. ಹೊಸ ಆಯಿಲ್ ಒಂದು ದಿನಕ್ಕೇ ಕಪ್ಪಾಯಿತು ಅಂತ ಗಾಬರಿ ಬೇಡ, ಡೀಸೆಲ್ ಇಂಜಿನ್ನಿನ ಮಸಿ ಅದು. ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ಗಾಬರಿ ಬೀಳಿ, ನೀರು ಸೇರಿದೆ ಅಂತ ಅರ್ಥ.

ಹಳೇ ಆಯಿಲನ್ನು ನಮ್ಮ ಕಡೆ ಗೆದ್ದಲು ಹಿಡಿಯದಿರಲಿ ಅಂತ ಬೇಲಿ ಗೂಟಕ್ಕೆ ಬಳಿಯುತ್ತಾರೆ, ಉಳಿದದ್ದನ್ನು ಚರಂಡಿಗೆ ಚೆಲ್ಲುತ್ತಾರೆ. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ನಾನು ಕ್ಯಾನಿನಲ್ಲಿ ತುಂಬಿಟ್ಟು, ತುಮಕೂರಿಗೆ ಹೋದಾಗ ಹಳೇ ಆಯಿಲ್ ತೆಗೆದುಕೊಳ್ಳುವವರಿಗೆ ಕೊಟ್ಟು ಬರುತ್ತೇನೆ.

ಈಗ ನಾನು ಬಳಸುವುದು ಕೈ ಪಂಪನ್ನೇ. ಒಳಗೆ ಉಳಿಯುವ 300 ಮಿಲಿ ಹಳೇ ಆಯಿಲ್‌ನಿಂದ ಅಂಥ ನಷ್ಟ ಏನಿಲ್ಲ, ಗಲೀಜು ಇಲ್ಲದ್ದೇ ದೊಡ್ಡದು. ಕರೆಂಟ್ ಪಂಪ್ ಬ್ಯಾರಲ್ಲಿನಿಂದ ಡೀಸೆಲ್ ಎತ್ತುವ ಕೆಲಸಕ್ಕೆ ಹೋಯಿತು, ಅದಕ್ಕೆ ಅದು ಒಳ್ಳೆಯದೇ. ಆದರೆ ತಳದ ಮಡ್ಡಿ ಯಾವ ಪಂಪಿಗೂ ಬರಲ್ಲ, ಅದಕ್ಕೆ ಎರಡು ವರ್ಷಕ್ಕೊಮ್ಮೆ ಬೋಲ್ಟ್ ಬಿಚ್ಚಲೇಬೇಕು ಅಂತ ಲೆಕ್ಕ ಹಾಕಿ, ಹೋದ ತಿಂಗಳು ಗಾರೆ ಕೆಲಸದವರನ್ನು ಕರೆಸಿ ಬೋಲ್ಟಿನ ನೇರಕ್ಕೆ ಗೋಡೆಯಲ್ಲಿ ಒಂದು ಕಿಂಡಿ ಒಡೆಸಿದೆ. ಅರ್ಧ ದಿನದ ಕೂಲಿ. ಮನೆಯವಳು ಬಂದು ನೋಡಿ, "ಪಂಪಿಗೆ ದುಡ್ಡು ಹಾಕೋ ಮೊದಲೇ ಇದನ್ನ ಮಾಡಬಹುದಿತ್ತಲ್ವಾ?" ಅಂದಳು.