ದೋಣಿ ಕಟ್ಟುವವರೇ, ಪ್ಲೈವುಡ್ ಮೇಲಿನ ‘710’ ಸೀಲ್ ಸುಮ್ನೆ ನಂಬಬೇಡಿ

ತೋಟದ ಕೆರೆಗೆ ಒಂದು ಪುಟ್ಟ ದೋಣಿ ಇರಲಿ ಅಂತ ಪ್ಲಾನ್ ಇಳಿಸಿಕೊಂಡು ಕೂತಿರುವ ಕೊಡಗಿನವರು ಶೀಟ್ ಕತ್ತರಿಸುವ ಮೊದಲು ಇದನ್ನು ಓದಿ. ನಮ್ಮ ದೋಣಿ ಒಂದು ಮಳೆಗಾಲವನ್ನೂ ದಾಟಲಿಲ್ಲ. ತಳ ಉಬ್ಬಿ ಪದರ ಬಿಟ್ಟುಕೊಂಡಿತು.

ಪ್ಲಾನಿನಲ್ಲಿ ತಪ್ಪಿರಲಿಲ್ಲ. 6 ಎಂಎಂ ಪ್ಲೈವುಡ್ ಕತ್ತರಿಸಿ, ಅಂಚುಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿ, ಮೇಲೆ ಗ್ಲಾಸ್ ಫೈಬರ್ ಪಟ್ಟಿ ಅಂಟಿಸುವ ವಿಧಾನ ಅದು. ಒಳಗೆ ಹೆಚ್ಚು ಚೌಕಟ್ಟು ಬೇಡ, ಖರ್ಚು ಕಡಿಮೆ. ಆದರೆ ಪ್ಲೈವುಡ್ ಕೈಕೊಟ್ಟರೆ ದೋಣಿಯೇ ಹೋಯಿತು.

ಅಂಗಡಿಯವರು, ‘ಇದು ಮೆರೈನ್ ಸರ್, ಐಎಸ್ 710, ನೀರಲ್ಲೇ ಬಿದ್ದಿದ್ರೂ ಏನೂ ಆಗಲ್ಲ’ ಅಂದರು. ಐಎಸ್ 710 ಅಂದರೆ ನೀರು ತಡೆಯುವ ಮೆರೈನ್ ಪ್ಲೈವುಡ್‌ಗೆ ಇರುವ ಭಾರತೀಯ ಸ್ಟ್ಯಾಂಡರ್ಡ್. ಅದರ ಸೀಲೂ ಇತ್ತು. ರೇಟೂ ಬೇರೆ ಕಡೆಗಿಂತ ಕಡಿಮೆ. ದೋಣಿ ಹಾಳಾದ ಮೇಲೆ ಉಳಿದಿದ್ದ ತುಂಡನ್ನು ಹಂಡೆಯಲ್ಲಿ ಕುದಿಸಿದೆ. ಸಂಜೆಯೊಳಗೆ ಪುಸ್ತಕದ ಹಾಳೆಗಳ ಹಾಗೆ ಬಿಚ್ಚಿಕೊಂಡಿತು! ನಿಜವಾದ 710 ಶೀಟ್ 72 ಗಂಟೆ ಕುದಿಸಿದರೂ ಬಿಡಬಾರದು. ಅದಕ್ಕೆ ಹಾಕುವುದು ಫೀನಾಲ್ ಅಂಟು. ಅಗ್ಗದ ಕಮರ್ಷಿಯಲ್ ಶೀಟಿನದು ಯೂರಿಯಾ ಅಂಟು, ಮನೆಯೊಳಗಿನ ಕಪಾಟಿಗೆ ಸಾಕು, ನೀರಿಗಲ್ಲ. ಫೀನಾಲ್ ಅಂಟಿನ ಗೆರೆ ಗಾಢ ಕಂದು ಇರುತ್ತದೆ ನಿಜ, ಆದರೆ ಯೂರಿಯಾ ಅಂಟಿಗೇ ಬಣ್ಣ ಬೆರೆಸಿದ್ದರೆ ಕಣ್ಣಿಗೆ ಹೇಗೆ ಗೊತ್ತಾಗಬೇಕು?

ವಾಪಸ್ ಕೇಳಿದರೆ ‘ಕತ್ತರಿಸಿದ ಮಾಲು ತಗೊಳ್ಳಲ್ಲ’ ಅಂದರು. ಬಿಲ್ಲಿನಲ್ಲಿ ಇದ್ದದ್ದು ಬರೀ ‘ಪ್ಲೈ 6 ಎಂಎಂ’. ಹೊಟ್ಟೆ ಉರಿಯುವುದು ಶೀಟಿನ ದುಡ್ಡಿಗಿಂತ ಜಾಸ್ತಿ, ಅದರ ಮೇಲೆ ಸುರಿದ ಎಪಾಕ್ಸಿಯ ದುಡ್ಡಿಗೆ.

ಶೀಟಿನ ಮೇಲೆ ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ನಂಬರ್, ಅಂದರೆ ತಯಾರಕರ ಲೈಸೆನ್ಸ್ ನಂಬರ್ ಇರಬೇಕು. ಅಂಗಡಿಯಲ್ಲೇ ನಿಂತು ಅದನ್ನು, ಈ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಲೈಸೆನ್ಸ್ ಯಾರದು, ಯಾವ ಸ್ಟ್ಯಾಂಡರ್ಡ್‌ಗೆ, ಚಾಲ್ತಿಯಲ್ಲಿ ಇದೆಯಾ ಅಂತ ತೋರಿಸುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೆ ಅಲ್ಲಿಂದ ಹೊರಡಿ. ಬಿಲ್ಲಿನಲ್ಲಿ ‘ಐಎಸ್ 710’ ಅಂತ ಬರೆಸಿಕೊಳ್ಳಿ, ಆಮೇಲೆ ಜಗಳ ಬಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಲು ಕೈಯಲ್ಲಿ ಏನಾದರೂ ಇರಬೇಕಲ್ವಾ. ಮೊದಲು ಒಂದೇ ಶೀಟ್ ತಂದು, ಮೂಲೆ ಕತ್ತರಿಸಿ ಕುದಿಸಿ.

ಅದೇ ಅಂಗಡಿ ಎಪಾಕ್ಸಿ ಬದಲು ಪಾಲಿಯೆಸ್ಟರ್ ರೆಸಿನ್ ಕೊಡಲೂ ನೋಡಿತು, ‘ಎಲ್ಲಾ ಒಂದೇ’ ಅಂತ. ಒಂದೇ ಅಲ್ಲ, ಪಾಲಿಯೆಸ್ಟರ್ ಮರಕ್ಕೆ ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಇನ್ನು ನಮ್ಮ ಜೂನ್, ಜುಲೈ ಥಂಡಿಯಲ್ಲಿ ಎಪಾಕ್ಸಿ ಡಬ್ಬ ತೆರೆಯಲೇಬೇಡಿ. ಮೇಲೆ ಜಿಡ್ಡು ಪದರ ಕೂರುತ್ತದೆ, ಅದನ್ನು ತೊಳೆಯದೆ ಇನ್ನೊಂದು ಕೋಟ್ ಹೊಡೆದರೆ ಅದೂ ಕಿತ್ತು ಬರುತ್ತದೆ. ಜನವರಿಯ ಬಿಸಿಲಿಗೆ ಕಾಯಿರಿ.