ಜಿಫೋರ್ಸ್ ನೌ: ಯಂತ್ರ ಬಾಡಿಗೆಯದು, ಆಟ ನಮ್ಮದು

ನಾಳೆ ಈ ಸೇವೆ ಬಾಗಿಲು ಹಾಕಿದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ದೂರದ ಯಂತ್ರದಲ್ಲಿ ಆಟ ನಡೆಸಿ ಅದರ ಚಿತ್ರವನ್ನು ಇಂಟರ್‌ನೆಟ್ ಮೂಲಕ ನಮ್ಮ ಪರದೆಗೆ ಕಳುಹಿಸುವ ಯಾವುದೇ ಕ್ಲೌಡ್ ಗೇಮಿಂಗ್ ಸೇವೆಗೆ ಚಂದಾ ಕಟ್ಟುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಆನ್‌ಲೈವ್ ಎಂಬ ಇಂತಹದೇ ಸೇವೆ 2010ರಲ್ಲಿ ದೊಡ್ಡ ಸದ್ದು ಮಾಡುತ್ತಾ ಬಂದು 2015ರಲ್ಲಿ ಮುಚ್ಚಿತು. ಅದರೊಳಗೆ ಕೊಂಡ ಆಟಗಳು ಅದರ ಜೊತೆಗೇ ಹೋದವು. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಆರಂಭವಾಗಿ 2023ರ ಜನವರಿ 18ರಂದು ನಿಂತುಹೋಯಿತು. ಗೂಗಲ್ ಆಟಗಳ ಹಣವನ್ನು ಹಿಂದಿರುಗಿಸಿತು, ಅದನ್ನು ಮೆಚ್ಚಲೇಬೇಕು. ಆದರೆ ಅಷ್ಟು ಹಣ ಮರಳಿಸುವ ಶಕ್ತಿ ಎಲ್ಲ ಕಂಪನಿಗಳಿಗೂ ಇರುವುದಿಲ್ಲ.

ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾ ಕಂಪನಿಯ ಜಿಫೋರ್ಸ್ ನೌ ಸೇವೆಯನ್ನು ನಾನು ಆರಿಸಿಕೊಂಡದ್ದು ಈ ಕಾರಣಕ್ಕಾಗಿಯೇ. ಇದು ಆಟಗಳನ್ನು ಮಾರುವುದಿಲ್ಲ. ಸ್ಟೀಮ್, ಎಪಿಕ್‌ನಂತಹ ಆನ್‌ಲೈನ್ ಅಂಗಡಿಗಳಲ್ಲಿ ನಾವು ಕೊಂಡ ಆಟವನ್ನು ನಡೆಸಲು ಡೇಟಾ ಸೆಂಟರ್‌ನಲ್ಲಿರುವ ಬಲವಾದ ಯಂತ್ರವೊಂದನ್ನು ಬಾಡಿಗೆಗೆ ಕೊಡುತ್ತದೆ, ಅಷ್ಟೆ. ಚಂದಾ ನಿಲ್ಲಿಸಿದರೂ ಆಟ ನನ್ನ ಸ್ಟೀಮ್ ಖಾತೆಯಲ್ಲೇ ಇರುತ್ತದೆ. ಮೈಕ್ರೋಸಾಫ್ಟ್‌ನ ಗೇಮ್ ಪಾಸ್‌ನಂತಹ ಚಂದಾ ಸೇವೆಗಳ ಪಟ್ಟಿಯಲ್ಲಿ ನೂರಾರು ಆಟಗಳಿರುವುದು ನಿಜ, ಆದರೆ ಚಂದಾ ಮುಗಿದ ದಿನ ಆ ಪಟ್ಟಿಯೂ ಇಲ್ಲ.

ನಾನಿರುವುದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ. ಮನೆಯಲ್ಲಿರುವುದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಕಚೇರಿ ಕೆಲಸಕ್ಕೆಂದು ಕೊಂಡ ತೆಳ್ಳಗಿನ ಲ್ಯಾಪ್‌ಟಾಪ್. ಅದರಲ್ಲಿ ಸೈಬರ್‌ಪಂಕ್ 2077 ಆಟವನ್ನು ಎಲ್ಲ ಬೆಳಕು ನೆರಳುಗಳ ವೈಭವದೊಂದಿಗೆ ಆಡುವಾಗ ಫ್ಯಾನ್ ಸದ್ದು ಕೂಡ ಕೇಳಿಸುವುದಿಲ್ಲ. ಬಾಲ್ಡರ್ಸ್ ಗೇಟ್ 3ಕ್ಕೆ ಸುಮಾರು 150 ಜಿಬಿ ಜಾಗ ಬೇಕು. ಇಲ್ಲಿ ಡೌನ್‌ಲೋಡ್ ಎಂಬ ಮಾತೇ ಇಲ್ಲ, ಕೊಂಡ ಸಂಜೆಯೇ ಆಡಬಹುದು. ಈ ಸೇವೆಯ ಅತ್ಯುನ್ನತ ಶ್ರೇಣಿಗೆ ತಿಂಗಳಿಗೆ 21.99 ಯೂರೋ, ವರ್ಷಕ್ಕೆ ಸುಮಾರು 264 ಯೂರೋ. ಎನ್‌ವಿಡಿಯಾದ ಆರ್‌ಟಿಎಕ್ಸ್ 5080 ಗ್ರಾಫಿಕ್ಸ್ ಕಾರ್ಡ್ 2025ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದಾಗ ಅದೊಂದರ ಬೆಲೆಯೇ 999 ಡಾಲರ್ ಇತ್ತು. ಅದು 360 ವಾಟ್ ವಿದ್ಯುತ್ ಎಳೆಯುತ್ತದೆ. ಜರ್ಮನಿಯ ವಿದ್ಯುತ್ ಬಿಲ್ ನೋಡಿದವರಿಗೆ ಇದರ ಅರ್ಥ ಗೊತ್ತು. ವಾರದಲ್ಲಿ ಕೆಲವು ಸಂಜೆ ಮಾತ್ರ ಆಡುವ ನನ್ನಂತಹವರಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ದಿನವಿಡೀ ಆಡುವವರು ಸ್ವಂತ ಯಂತ್ರ ಕೊಳ್ಳುವುದೇ ಲೇಸು.

ಈಗ ನಿಜವಾದ ತೊಡಕಿನ ಮಾತು. ನಾವು ಗುಂಡಿ ಒತ್ತಿದಾಗ ಆ ಸಂಕೇತ ಡೇಟಾ ಸೆಂಟರ್‌ಗೆ ಹೋಗಬೇಕು, ಅಲ್ಲಿ ಆಟ ಒಂದು ಚಿತ್ರ ರಚಿಸಬೇಕು, ಆ ಚಿತ್ರವನ್ನು ಕುಗ್ಗಿಸಿ ಕಳುಹಿಸಬೇಕು, ನಮ್ಮ ಲ್ಯಾಪ್‌ಟಾಪ್ ಅದನ್ನು ಬಿಡಿಸಿ ಪರದೆಗೆ ತರಬೇಕು. ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದೊಂದು ಚಿತ್ರಕ್ಕೂ 17 ಮಿಲಿಸೆಕೆಂಡ್ ಕೂಡ ಇಲ್ಲ. ಎನ್‌ವಿಡಿಯಾ ಹೇಳುವ ಪ್ರಕಾರ ಡೇಟಾ ಸೆಂಟರ್‌ಗೆ ಹೋಗಿ ಬರುವ ವಿಳಂಬ 80 ಮಿಲಿಸೆಕೆಂಡ್ ಒಳಗಿರಬೇಕು, 40ರ ಒಳಗಿದ್ದರೆ ಉತ್ತಮ. ನನಗೆ ಹತ್ತಿರದ ಸರ್ವರ್‌ಗಳು ಫ್ರಾಂಕ್‌ಫರ್ಟ್‌ನಲ್ಲಿವೆ, ಸುಮಾರು 80 ಕಿಲೋಮೀಟರ್ ದೂರ. ಹಾಗಾಗಿ ದೂರ ನನಗೆ ಅಡ್ಡಿಯಾಗಲಿಲ್ಲ.

ಅಡ್ಡಿಯಾದದ್ದು ಮನೆಯ ಇಂಟರ್‌ನೆಟ್. ಮೊದಲು ನನಗಿದ್ದ ಕೇಬಲ್ ಸಂಪರ್ಕದಲ್ಲಿ ವೇಗ ಪರೀಕ್ಷೆ ಮಾಡಿದಾಗಲೆಲ್ಲ ಭಾರಿ ಸಂಖ್ಯೆಗಳು ಕಾಣುತ್ತಿದ್ದವು. ಆದರೂ ಸಂಜೆ ಎಂಟರ ನಂತರ ಚಿತ್ರ ತಡವರಿಸುತ್ತಿತ್ತು, ಪಾತ್ರ ಗೋಡೆಗೆ ಮುಖ ಹಾಕಿ ನಿಲ್ಲುತ್ತಿತ್ತು. ರಸ್ತೆ ಎಷ್ಟೇ ಅಗಲವಿದ್ದರೂ ಮಾರಿಗೊಂದು ಉಬ್ಬು ಇದ್ದರೆ ಬಸ್ಸು ಕುಲುಕುತ್ತದೆ. ಇಲ್ಲಿಯೂ ಮುಖ್ಯವಾದದ್ದು ವಿಳಂಬದ ಏರಿಳಿತ ಮತ್ತು ದಾರಿಯಲ್ಲಿ ಕಳೆದುಹೋಗುವ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ತುಣುಕುಗಳು. 1080ಪಿ (ಫುಲ್ ಎಚ್‌ಡಿ) ಚಿತ್ರಕ್ಕೆ ಈ ಸೇವೆ ಕೇಳುವುದು ಸೆಕೆಂಡಿಗೆ 25 ಮೆಗಾಬಿಟ್ ಮಾತ್ರ. ಅದು ಒಂದೇ ಸಮನೆ ಹರಿದು ಬಂದರೆ ಸಾಕು. ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ತಂತಿ ಎಳೆದಾಗ ಅರ್ಧ ತೊಂದರೆ ಹೋಯಿತು, ಸಂಪರ್ಕವನ್ನು ಫೈಬರ್‌ಗೆ ಬದಲಿಸಿದಾಗ ಉಳಿದರ್ಧ. ವೈಫೈಯಲ್ಲೇ ಆಡಬೇಕೆನ್ನುವವರು 5 ಗಿಗಾಹರ್ಟ್ಸ್ ತರಂಗವನ್ನಾದರೂ ಬಳಸಲಿ.

ಎಲ್ಲ ಸರಿಯಿದ್ದಾಗ ನಿಧಾನಗತಿಯ ಕಥಾಪ್ರಧಾನ ಆಟಗಳಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಸರದಿಯ ಮೇಲೆ ಆಡುವ ಬಾಲ್ಡರ್ಸ್ ಗೇಟ್‌ನಂತಹ ಆಟಗಳಂತೂ ಈ ವ್ಯವಸ್ಥೆಗೆಂದೇ ಹುಟ್ಟಿದಂತಿವೆ. ಗುಂಡಿನ ಕಾಳಗದ ಆಟ ಕೌಂಟರ್ ಸ್ಟ್ರೈಕ್ 2ರಲ್ಲಿ ಮಾತ್ರ ಎದುರಾಳಿ ಮೂಲೆಯಿಂದ ಇಣುಕುವ ಆ ಕ್ಷಣದಲ್ಲಿ ಮೌಸ್ ತುಸು ಭಾರವೆನಿಸುತ್ತದೆ. ಸ್ಪರ್ಧೆಗಿಳಿದು ಆಡುವವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಇನ್ನು ಮಳೆ, ಹೊಗೆ, ಗಾಳಿಗೆ ಓಲಾಡುವ ಹುಲ್ಲು, ಕತ್ತಲ ಗುಹೆ: ಇವು ಕುಗ್ಗಿಸಿ ಕಳುಹಿಸುವ ಯಾವ ವೀಡಿಯೊಗೂ ಕಷ್ಟದ ದೃಶ್ಯಗಳೇ. ದೊಡ್ಡ ಟಿವಿಯಲ್ಲಿ ನೋಡಿದರೆ ಅಂಚುಗಳು ಮಸುಕಾದದ್ದು ಕಣ್ಣಿಗೆ ಬೀಳುತ್ತದೆ.

ಆಟ ನಮ್ಮದಾದರೂ ಅದು ಇಲ್ಲಿ ನಡೆಯಬೇಕಾದರೆ ಪ್ರಕಾಶಕರ ಒಪ್ಪಿಗೆ ಬೇಕು ಎಂಬುದು ನನಗೆ ಇಂದಿಗೂ ಸಹಿಸಲಾಗದ ಸಂಗತಿ. 2020ರ ಫೆಬ್ರವರಿಯಲ್ಲಿ ಆಕ್ಟಿವಿಷನ್ ಬ್ಲಿಝಾರ್ಡ್ ಎಂಬ ಪ್ರಕಾಶಕ ಕಂಪನಿ ತನ್ನ ಆಟಗಳನ್ನೆಲ್ಲ ಇಲ್ಲಿಂದ ಹಿಂತೆಗೆದುಕೊಂಡಿತು. ಆ ಕಂಪನಿಯನ್ನು ಕೊಳ್ಳಲು ಹೊರಟ ಮೈಕ್ರೋಸಾಫ್ಟ್ 2023ರಲ್ಲಿ ಎನ್‌ವಿಡಿಯಾ ಜೊತೆ ಹತ್ತು ವರ್ಷಗಳ ಒಪ್ಪಂದ ಮಾಡಿಕೊಂಡ ಮೇಲೆಯೇ ಅವು ಮರಳಲು ದಾರಿಯಾದದ್ದು. ದುಡ್ಡು ಕೊಟ್ಟು ಕೊಂಡ ಆಟವನ್ನು ಯಾವ ಯಂತ್ರದಲ್ಲಿ ಆಡಬೇಕೆಂದು ನಿರ್ಧರಿಸುವ ಹಕ್ಕು ಕೊಂಡವನದಾಗಿರಬೇಕು. ಹಣ ಕಟ್ಟುವ ಸದಸ್ಯರಿಗೂ ತಿಂಗಳಿಗೆ 100 ಗಂಟೆಗಳ ಮಿತಿ ಬಂದಿದೆ; ಉಳಿದದ್ದರಲ್ಲಿ 15 ಗಂಟೆ ಮಾತ್ರ ಮುಂದಿನ ತಿಂಗಳಿಗೆ ಸೇರುತ್ತದೆ. ಒಬ್ಬರಿಗೆ ಇದು ಸಾಕು. ಶಾಲೆಗೆ ರಜೆ ಸಿಕ್ಕ ಮಕ್ಕಳಿರುವ ಮನೆಯಲ್ಲಿ ಹೇಗೋ ಯೋಚಿಸಿ. ಮಾಡ್‌ಗಳನ್ನು (ಆಟಗಾರರೇ ಮಾಡಿದ ಮಾರ್ಪಾಡುಗಳನ್ನು) ಹಾಕಿಕೊಂಡು ಆಟದ ರೂಪವನ್ನೇ ಬದಲಿಸುವ ಹವ್ಯಾಸ ಇರುವವರಿಗೂ ಇಲ್ಲಿ ಅವಕಾಶ ಬಹಳ ಕಡಿಮೆ.

ಮೈಸೂರಿನಲ್ಲಿರುವ ಅಣ್ಣನ ಮಗ ತಾನೂ ಹೀಗೆ ಆಡಬಹುದೇ ಎಂದು ಕೇಳುತ್ತಿರುತ್ತಾನೆ. ಫ್ರಾಂಕ್‌ಫರ್ಟ್‌ನ ಸರ್ವರ್‌ನಿಂದ ಸಾಧ್ಯವಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಏಳು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹೋಗಿ ಬರಲು 70 ಮಿಲಿಸೆಕೆಂಡ್ ಬೇಕೇ ಬೇಕು, ಅದೂ ಕೇಬಲ್ ನೇರವಾಗಿ ಹಾಯ್ದಿದ್ದರೆ. ಸಮುದ್ರದಡಿಯ ಕೇಬಲ್‌ಗಳು ಸುತ್ತಿ ಬಳಸಿ ಹೋಗುತ್ತವೆ. ಅವನಿಗೆ ಬೇಕಾದದ್ದು ಭಾರತದೊಳಗಿನ ಸರ್ವರ್. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ 2025ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದಿರುವುದರಿಂದ ಮೊದಲು ಅದನ್ನು ಒಂದು ತಿಂಗಳ ಮಟ್ಟಿಗೆ ನೋಡು ಎಂದಿದ್ದೇನೆ. ಮೊಬೈಲ್ ಡೇಟಾದಲ್ಲಿ ಮಾತ್ರ ಬೇಡ: ಸೆಕೆಂಡಿಗೆ 20 ಮೆಗಾಬಿಟ್ ಹರಿದರೆ ದಿನದ 2 ಜಿಬಿ ಕಾಲು ಗಂಟೆಯೊಳಗೆ ಖಾಲಿ. ಮನೆಗೆ ಫೈಬರ್ ಬಂದಿದೆ, ಆದರೆ ರೂಟರ್ ನಡುಮನೆಯಲ್ಲಿದೆ, ಅವನ ಕೋಣೆ ಮಹಡಿಯ ಮೇಲೆ. ಮೊದಲು ಒಂದು ಉದ್ದದ ತಂತಿ ಕೊಂಡು ತಾ ಎಂದು ಹೇಳಿದ್ದೇನೆ.